ಹಳ್ಳದ ಮಣ್ಣು ‘ಖರಾಬು’ ಹೇಗಾಯ್ತು?

ಪಹಣಿ ಕೈಯಲ್ಲಿ ಹಿಡಿದು ನೋಡಿದವರಿಗೆಲ್ಲ ‘ಖರಾಬು’ ಅನ್ನೋ ಪದ ಗೊತ್ತಿರುತ್ತೆ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಇಷ್ಟು, ಅದರಲ್ಲಿ ಖರಾಬು ಇಷ್ಟು ಗುಂಟೆ, ಕಳೆದು ಉಳಿದದ್ದು ಸಾಗುವಳಿಗೆ ಅಂತ ಲೆಕ್ಕ. ‘ಎ’ ಖರಾಬು ಅಂದರೆ ಉಳುಮೆಗೆ ಬಾರದ ಜಾಗ. ‘ಬಿ’ ಖರಾಬು ಅಂದರೆ ದಾರಿ, ಸ್ಮಶಾನ, ಕೆರೆ, ಹಳ್ಳ ಇತ್ಯಾದಿ, ಎಲ್ಲರಿಗೂ ಸೇರಿದ್ದು. ಕಂದಾಯದ ಲೆಕ್ಕಕ್ಕೆ ಇದು ಸರಿಯೇ ಇರಬಹುದು. ಹಳ್ಳ ಯಾರೊಬ್ಬರದ್ದೂ ಅಲ್ಲ, ಅದಕ್ಕೆ ಕಂದಾಯ ಹಾಕೋ ಹಾಗೂ ಇಲ್ಲ. ಆದರೆ ಖರಾಬು ಅಂದರೆ ಕೆಟ್ಟದ್ದು ಅಂತಲೇ ತಾನೆ ನಾವು ಮಾತಾಡೋದು? ಒಂದು ಜಾಗಕ್ಕೆ ಕೆಟ್ಟದ್ದು ಅಂತ ಹೆಸರು ಕೊಟ್ಟ ಮೇಲೆ ಅಲ್ಲಿಂದ ಏನು ಹೊತ್ತುಕೊಂಡು ಹೋದರೂ ಯಾರಿಗೂ ನಷ್ಟ ಆಗಿಲ್ಲ ಅನ್ನೋ ಭಾವನೆ ತಾನಾಗೇ ಬಂದುಬಿಡುತ್ತೆ.

ನನ್ನ ವಾದ ಇಷ್ಟೇ. ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಪಾವಗಡದಂಥ ಬೆಟ್ಟಗುಡ್ಡದ ಬಯಲುಸೀಮೆಯಲ್ಲಿ ಅತಿ ಬೆಲೆಬಾಳುವ ನೆಲ ಯಾವುದು ಅಂದರೆ ಹಳ್ಳ ಮತ್ತು ಅದರ ಎರಡು ದಡದ ಮೆಕ್ಕಲು. ಅದನ್ನು ಮರಳಿನ ಗಣಿ ಅಂತ ನೋಡೋದು ಬಿಟ್ಟು, ನೀರಿನ ಉಗ್ರಾಣ ಅಂತ ನೋಡೋದು ಕಲಿಯಬೇಕು.

ಮೊದಲು ಈ ಮಣ್ಣು ಹೇಗೆ ಬಂತು ನೋಡಿ. ರಾಮನಗರದ ಬಂಡೆಗಳಿಂದ ಮಧುಗಿರಿ, ಪಾವಗಡದ ಕಡೆಗೆ ಉದ್ದಕ್ಕೆ ಹಬ್ಬಿರೋ ಕಲ್ಲಿನ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ (ಕ್ಲೋಸ್‌ಪೇಟೆ ರಾಮನಗರದ ಹಳೇ ಹೆಸರು). ಸುಮಾರು 250 ಕೋಟಿ ವರ್ಷದ ಕಲ್ಲು ಅದು. ಬಿಸಿಲಿಗೆ, ಮಳೆಗೆ ಈ ಕಲ್ಲು ಪುಡಿಯಾಗುತ್ತೆ. ಅದರೊಳಗಿನ ಬೆಣಚು ಕರಗೋದಿಲ್ಲ, ಅದೇ ಮರಳಾಗಿ ಉಳಿಯುತ್ತೆ. ಫೆಲ್ಡ್‌ಸ್ಪಾರು, ಅಭ್ರಕ ನಿಧಾನಕ್ಕೆ ಕೊಳೆತು ಜೇಡಿ ಆಗುತ್ತೆ. ನಮ್ಮ ಕಡೆ ಮಳೆ ವರ್ಷಪೂರ್ತಿ ಜಿನುಗೋ ಮಳೆ ಅಲ್ಲ. ತಿಂಗಳುಗಟ್ಟಲೆ ಏನೂ ಇರಲ್ಲ, ಬಂದರೆ ಒಂದೇ ಸಂಜೆ ಧೋ ಅಂತ ಸುರಿದು ಬಿಡುತ್ತೆ. ಬೆಟ್ಟದ ಮೇಲೆ ಮರ ಕಮ್ಮಿ, ಬಂಡೆ ಜಾಸ್ತಿ. ನೀರು ಒಂದೇ ಓಟಕ್ಕೆ ಇಳಿದು ಬರುತ್ತೆ. ಇಳಿಜಾರು ಕಡಿಮೆಯಾದ ಕಡೆ ನೀರಿನ ವೇಗ ಇಳಿಯುತ್ತೆ, ಹೊತ್ತು ತಂದ ಭಾರವನ್ನು ಅಲ್ಲೇ ಇಳಿಸುತ್ತೆ. ಮೊದಲು ಗುಂಡುಕಲ್ಲು, ಆಮೇಲೆ ದಪ್ಪ ಮರಳು, ಆಮೇಲೆ ಸಣ್ಣ ಮರಳು. ತೀರಾ ನುಣ್ಣಗಿನ ಜೇಡಿ ಮಾತ್ರ ಮುಂದಕ್ಕೆ ಹೋಗಿ ಕೆರೆ ಸೇರುತ್ತೆ.

ಹೀಗಾಗಿ ಹಳ್ಳದ ದಡ ಕುಸಿದ ಕಡೆ ನಿಂತು ನೋಡಿದರೆ ಮಣ್ಣು ಒಂದೇ ಥರ ಇರಲ್ಲ, ಪದರ ಪದರವಾಗಿ ಇರುತ್ತೆ. ಒಂದು ಗೇಣು ಕಂದು ಬಣ್ಣದ ಮರಳುಮಿಶ್ರಿತ ಗೋಡು, ಅದರ ಕೆಳಗೆ ಬಿಳಿ ಮರಳು, ಅದರ ಕೆಳಗೆ ಜಲ್ಲಿ, ಮತ್ತೆ ಎರಡು ಬೆರಳು ಗೋಡು. ಒಂದೊಂದು ಪದರವೂ ಯಾವತ್ತೋ ಬಂದ ಒಂದೊಂದು ಪ್ರವಾಹದ ಗುರುತು. ಬೇರೆ ಮಣ್ಣಲ್ಲಿ ಮೇಲೆ ಕಸುವು ಜಾಸ್ತಿ, ಕೆಳಗೆ ಹೋದ ಹಾಗೆ ಕಮ್ಮಿ. ಇಲ್ಲಿ ಹಾಗಲ್ಲ. ಹಳೇ ಮೇಲ್ಮಣ್ಣಿನ ಮೇಲೆ ಹೊಸ ಮರಳು ಬಂದು ಕೂತಿರುತ್ತೆ, ಮೂರಡಿ ಕೆಳಗೂ ಕಸುವಿನ ಪದರ ಸಿಗಬಹುದು.

ಇನ್ನೊಂದು ಗುಣ, ನೀರು ಬಸಿಯೋದು. ಚೆನ್ನಾಗಿ ಬಸಿಯೋ ಮಣ್ಣು ಅಂದರೆ ನೀರು ನಿಲ್ಲದ ಬರಡು ಮಣ್ಣು ಅಂತ ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಬೇರಿನ ಸುತ್ತಲಿನ ಹೆಚ್ಚಿನ ನೀರು ಕೆಳಗಿಳಿದು, ಮತ್ತೆ ಗಾಳಿ ಆಡೋ ಹಾಗಾಗಬೇಕು, ಅಷ್ಟೇ. ಬಣ್ಣ ನೋಡಿದರೆ ಗೊತ್ತಾಗುತ್ತೆ. ಗಾಳಿ ಆಡೋ ಮಣ್ಣಲ್ಲಿ ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಪು, ಕಂದು ಆಗುತ್ತೆ. ನೀರು ಕಟ್ಟಿಕೊಂಡ ಮಣ್ಣು ಬೂದು ಬಣ್ಣಕ್ಕೆ ತಿರುಗಿ, ಮಧ್ಯೆ ಮಧ್ಯೆ ತುಕ್ಕಿನ ಚುಕ್ಕೆ ಕಾಣುತ್ತೆ. ಬಸಿಯೋ ಮಣ್ಣಲ್ಲಿ ಉಪ್ಪೂ ನಿಲ್ಲಲ್ಲ, ನೀರಿನ ಜೊತೆ ತೊಳೆದು ಹೋಗುತ್ತೆ. ನೀರು ಬಸಿಯದ ತಗ್ಗಿನ ಗದ್ದೆ ಚೌಳು ಹಿಡಿಯುತ್ತೆ, ಹಳ್ಳದ ದಡದ ತೆಂಗಿನ ತೋಟಕ್ಕೆ ಸಾಮಾನ್ಯವಾಗಿ ಆ ಕಾಟ ಇರಲ್ಲ.

ಹಾಗಾದರೆ ಬಸಿದ ನೀರು ಎಲ್ಲಿ ಹೋಯ್ತು? ಎಲ್ಲೂ ಹೋಗಿಲ್ಲ. ಕೆಳಗೆ ಗಟ್ಟಿ ಬಂಡೆ ಇದೆ, ಅದರ ಮೇಲಿನ ಮರಳಲ್ಲಿ ಕೂತಿರುತ್ತೆ. ಇದನ್ನು ನಮ್ಮ ಹಿರಿಯರು ಪುಸ್ತಕ ಓದಿ ತಿಳಿದದ್ದಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರೋ ಜಯಮಂಗಲಿಯ ಆಸುಪಾಸಿನಲ್ಲಿ, ಪಾವಗಡದ ಕಡೆ ‘ತಲಪರಿಗೆ’ ಅಂತ ಇದ್ದವು. ಕೆಲವು ಇವತ್ತೂ ಇವೆ. ಮರಳು ತುಂಬಿದ ಜಾಗದಲ್ಲಿ ಸ್ವಲ್ಪ ತೋಡಿದರೆ ನೀರು ಉಕ್ಕುತ್ತೆ, ಅದನ್ನು ಕಾಲುವೆ ಮಾಡಿ ಇಳಿಜಾರಿನಲ್ಲೇ ತೋಟಕ್ಕೆ ಹರಿಸೋದು. ಮೋಟಾರಿಲ್ಲ, ಕರೆಂಟಿಲ್ಲ. ಹೂಳು ತುಂಬಿದರೆ ತೋಟದವರೆಲ್ಲ ಸೇರಿ ತೆಗೆಯಬೇಕು, ನೀರು ಸರದಿ ಪ್ರಕಾರ ಹಂಚಿಕೊಳ್ಳಬೇಕು.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಕಿಲೋಮೀಟರ್ ಉದ್ದ, 30 ಮೀಟರ್ ಅಗಲ, 2 ಮೀಟರ್ ಆಳ ಮರಳಿರೋ ಹಳ್ಳ ಅಂತಿಟ್ಟುಕೊಳ್ಳಿ. ಒಟ್ಟು 60,000 ಘನ ಮೀಟರ್ ಮರಳು. ಅದರಲ್ಲಿ ಬಿಟ್ಟುಕೊಡೋ ನೀರು ಐದರಲ್ಲೊಂದು ಭಾಗ ಅಂದರೂ 12,000 ಘನ ಮೀಟರ್. ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಹೊಡೆದರೆ ಎರಡು ಸಾವಿರ ಟ್ಯಾಂಕರ್! ಅದೂ ಒಂದು ಸಲ ತುಂಬಿದ್ದಕ್ಕೆ. ಒಳ್ಳೇ ಮಳೆಗಾಲದಲ್ಲಿ ಎರಡು ಮೂರು ಸಲ ತುಂಬುತ್ತೆ. ಕೆರೆಯ ತೆರೆದ ನೀರು ವರ್ಷಕ್ಕೆ ಒಂದು ಮೀಟರಿಗಿಂತ ಹೆಚ್ಚು ಬಿಸಿಲಿಗೆ ಆವಿಯಾಗಿ ಹೋಗುತ್ತೆ. ಮರಳೊಳಗಿನ ನೀರು ಎರಡಡಿ ಕೆಳಗಿಳಿದರೆ ಸಾಕು, ಬಿಸಿಲು ಅದನ್ನು ಮುಟ್ಟೋದು ಬಹಳ ಕಮ್ಮಿ.

ಈಗ ಇನ್ನೊಂದು ಲೆಕ್ಕ. ಒಂದು ಲೋಡು ಮರಳು ಸುಮಾರು ಹತ್ತು ಘನ ಮೀಟರ್ ಅಂದುಕೊಂಡರೆ, ಲಾರಿ ಹೊತ್ತೊಯ್ಯೋದು ಮರಳನ್ನಷ್ಟೇ ಅಲ್ಲ, ಎರಡು ಸಾವಿರ ಲೀಟರ್ ನೀರಿಡೋ ಜಾಗವನ್ನೂ. “ಗುಂಡಿ ಆದರೆ ಅದರಲ್ಲಿ ಇನ್ನೂ ಜಾಸ್ತಿ ನೀರು ನಿಲ್ಲುತ್ತಲ್ಲ?” ಅಂತ ಕೇಳೋರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಗುಂಡಿಯ ನೀರು ತೆರೆದ ನೀರು, ಬಿಸಿಲಿಗೆ ಹೋಗುತ್ತೆ. ಗುಂಡಿಯ ತಳದಲ್ಲಿ ಜೇಡಿ ಕೂತು ಚರ್ಮದ ಹಾಗೆ ಮುಚ್ಚಿಕೊಳ್ಳುತ್ತೆ, ಕೆಳಗೂ ಇಳಿಯಲ್ಲ. ಎಲ್ಲಕ್ಕಿಂತ ಮುಖ್ಯ, ಹಳ್ಳದ ತಳ ಆರಡಿ ಕೆಳಗಿಳಿದರೆ ಎರಡೂ ದಡದ ಮಣ್ಣೊಳಗಿನ ನೀರು ಆ ಮಟ್ಟಕ್ಕೆ ಬಸಿದು ಇಳಿಯುತ್ತೆ. ಪಕ್ಕದ ತೋಟದ ಬಾವಿ ಒಣಗೋದು ಇದರಿಂದಲೇ. ಬಾವಿಯವನು ಮಳೆ ಇಲ್ಲ ಅಂತ ಬೈಕೊಂಡು ಬೋರ್ ಕೊರೆಸಲು ಸಾಲ ಮಾಡ್ತಾನೆ.

ಇನ್ನು ‘ಫಿಲ್ಟರ್ ಮರಳು’. ಇದು ಗೊತ್ತಿಲ್ಲದವರಿಗೆ ಹೇಳ್ತೀನಿ. ಹಳ್ಳದಲ್ಲಿ ಮರಳು ಮುಗಿದ ಮೇಲೆ ದಡದ ಮಣ್ಣು, ಹೊಲದ ಮಣ್ಣು, ಕೆರೆಯಂಗಳದ ಮಣ್ಣು ಅಗೆದು, ತೊಟ್ಟಿಯಲ್ಲಿ ನೀರು ಬಿಟ್ಟು ಕದಡೋದು. ಜೇಡಿ ತೊಳೆದು ಹೋಗುತ್ತೆ, ಮರಳು ತಳದಲ್ಲಿ ಉಳಿಯುತ್ತೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ಬೆಂಗಳೂರಿನ ಮನೆಗಳಿಗಾಗಿ ಇದು ವರ್ಷಗಟ್ಟಲೆ ನಡೆಯಿತು. ಒಂದೇ ಏಟಿಗೆ ಮೂರು ನಷ್ಟ. ಪೈರು ಬೆಳೆಯೋ ಮೇಲ್ಮಣ್ಣು ಹೋಯ್ತು. ಅಂತರ್ಜಲ ಎತ್ತಿ ಮಣ್ಣು ತೊಳೆದದ್ದಾಯ್ತು. ತೊಳೆದ ಜೇಡಿ ಹಳ್ಳಕ್ಕೆ ಹರಿದು, ಉಳಿದ ಮರಳಿನ ಸಂದಿಗಳನ್ನೂ ಮುಚ್ಚಿತು. ಸಾವಿರಾರು ವರ್ಷ ಪ್ರವಾಹಗಳು ಪದರ ಪದರವಾಗಿ ಜೋಡಿಸಿದ್ದನ್ನು ಒಂದು ಪಂಪ್‌ಸೆಟ್ಟು ಒಂದು ವಾರದಲ್ಲಿ ಕಲಸಿ ಹಾಕುತ್ತೆ.

ಕಾನೂನು ಇಲ್ಲವೇ ಅಂದರೆ ಇದೆ. 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಸಣ್ಣ ಗಣಿಗೂ ಪರಿಸರ ಅನುಮತಿ ಬೇಕು ಅಂತ ಹೇಳಿತು. ಕೇಂದ್ರ ಸರ್ಕಾರ 2016ರಲ್ಲೂ 2020ರಲ್ಲೂ ಮರಳುಗಾರಿಕೆಗೆ ಮಾರ್ಗಸೂಚಿ ತಂದಿತು. ಆದರೆ ಇವೆಲ್ಲ ನೋಡೋದು ನದಿಯನ್ನು. ಹೆಸರಿಲ್ಲದ ಸಣ್ಣ ಹಳ್ಳ ಯಾರ ಕಣ್ಣಿಗೂ ಬೀಳಲ್ಲ. ಅಲ್ಲಿ ರಾತ್ರಿ ಟ್ರ್ಯಾಕ್ಟರು ಇಳಿದರೆ ಅದನ್ನು ಕಾಣೋದು ಊರಿನವರು ಮಾತ್ರ. ಊರಿನವರಿಗೋ, ಅದು ಖರಾಬು!

ಮರಳಿಲ್ಲದೆ ಮನೆ ಕಟ್ಟೋದು ಹೇಗೆ ಅಂತ ನೀವು ಕೇಳಬಹುದು. ಈಗ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಎಲ್ಲ ಕಡೆ ಬಂದಿದೆ. ಅದಕ್ಕೂ ಬೆಟ್ಟ ಒಡೆಯಬೇಕು, ಧೂಳು ಏಳುತ್ತೆ, ಅದೂ ಪುಣ್ಯದ ಕೆಲಸವೇನಲ್ಲ. ಆದರೆ ಎರಡರಲ್ಲಿ ಒಂದನ್ನು ಆರಿಸು ಅಂದರೆ, ನಾನು ನೀರು ಹಿಡಿಯದ ಬಂಡೆಯನ್ನು ಕೊಟ್ಟು ನೀರು ಹಿಡಿಯೋ ಹಳ್ಳವನ್ನು ಉಳಿಸಿಕೊಳ್ತೀನಿ. ಮಳೆ ಹೋದ ವರ್ಷ ಮಣ್ಣು ಮಾರಿ ಮಗಳ ಫೀಸು ಕಟ್ಟಿದ ರೈತನನ್ನು ಬೈಯೋಕೂ ನನಗೆ ಮನಸ್ಸಿಲ್ಲ. ಅವನಿಗೆ ಸಿಕ್ಕಿದ್ದು ಒಂದು ವರ್ಷದ ದುಡ್ಡು, ಹೋದದ್ದು ಮೊಮ್ಮಕ್ಕಳ ಬಾವಿ ಅನ್ನೋದನ್ನು ಅವನಿಗೆ ಯಾರೂ ಲೆಕ್ಕ ಹಾಕಿ ತೋರಿಸಲಿಲ್ಲ ಅನ್ನೋದೇ ನನ್ನ ಸಂಕಟ.

ಹಾಗಂತ ಇದು ನಮ್ಮೊಬ್ಬರ ಪಾಡಲ್ಲ. ಇಷ್ಟೇ ಒಣ ಗುಡ್ಡಗಾಡು ಇರೋ ಕೀನ್ಯಾದ ಮಚಾಕೋಸ್, ಕಿಟುಯಿ, ಮಕುವೇನಿ ಸೀಮೆಗಳಲ್ಲಿ ಜನ ಬೇಕಂತಲೇ ಹಳ್ಳಕ್ಕೆ ಅಡ್ಡ ಗೋಡೆ ಕಟ್ಟಿ ಅದರ ಹಿಂದೆ ಮರಳು ತುಂಬಿಸಿಕೊಳ್ತಾರೆ, ಬೇಸಗೆಯಲ್ಲಿ ಆ ಮರಳಿನಿಂದ ನೀರು ತೆಗೀತಾರೆ. ನಾವು ಚೆಕ್‌ಡ್ಯಾಮಿಗೆ ಮರಳು ತುಂಬಿದರೆ ‘ಹಾಳಾಯ್ತು’ ಅಂತೀವಿ! ನುಣ್ಣಗಿನ ಹೂಳು ತುಂಬಿದರೆ ಹಾಳೇ ನಿಜ, ದಪ್ಪ ಮರಳು ತುಂಬಿದರೆ ಅದು ಲಾಭ. ಮಕುವೇನಿಯವರು 2015ರಲ್ಲಿ ಮರಳಿನ ಸಂರಕ್ಷಣೆ ಮತ್ತು ಬಳಕೆಗೆಂದೇ ಒಂದು ಕಾಯ್ದೆಯನ್ನೂ ಮಾಡಿಕೊಂಡರು.

ನಮಗೆ ಅಷ್ಟು ದೊಡ್ಡದೇನೂ ಬೇಡ. ಪಂಚಾಯ್ತಿಯವರು ತಮ್ಮ ಎಲ್ಲೆಯೊಳಗಿನ ಹಳ್ಳ, ತಲಪರಿಗೆಗಳನ್ನು ನಕ್ಷೆಯಲ್ಲಿ ಗುರುತು ಮಾಡಿ, ಮರಳು ಎಷ್ಟು ಆಳ ಇದೆ ಅಂತ ವರ್ಷಕ್ಕೊಮ್ಮೆ ಗಡಾರಿ ಚುಚ್ಚಿ ಅಳೆದು ಬರೆದಿಟ್ಟರೆ ಸಾಕು. ಹಳ್ಳ ಅಭಿವೃದ್ಧಿ ಅಂತ ತಳಕ್ಕೆ ಕಾಂಕ್ರೀಟು ಹಾಕೋದನ್ನು ನಿಲ್ಲಿಸಲಿ. ದಡದ ಹೊಂಗೆ, ಲಕ್ಕಿ ಗಿಡಗಳನ್ನು ಹಾಗೇ ಬಿಡಲಿ, ದಡ ಹಿಡಿದು ನಿಲ್ಲಿಸೋದು ಅವುಗಳ ಬೇರು. ಸಾವಿರ ಅಡಿ ಬೋರಿನಲ್ಲಿ ಫ್ಲೋರೈಡ್ ನೀರು ಬರೋ ಪಾವಗಡದಂಥ ಕಡೆ, ಹತ್ತಡಿ ಮರಳಿನ ನೀರು ಎಂಥ ಆಸ್ತಿ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ನಿಮ್ಮೂರಿನ ಹಳ್ಳದ ಕಥೆ ಏನು? ಈ ಮಣ್ಣಿಗೆ ನಮ್ಮ ಕಡೆ ಮೆಕ್ಕಲು ಅಂತಾರೆ, ಗೋಡು ಅಂತಲೂ ಅಂತಾರೆ. ನಿಮ್ಮ ಕಡೆ ಏನಂತಾರೆ? ತಲಪರಿಗೆ ಥರದ್ದು ಇದ್ದರೆ, ಅಥವಾ ಇತ್ತು ಅಂತ ಮನೆಯ ಹಿರಿಯರು ಹೇಳಿದ್ದರೆ, ದಯವಿಟ್ಟು ಇಲ್ಲಿ ಬರೆಯಿರಿ.