ಪರಂಗಿ ಮೇಷ್ಟ್ರು ಮತ್ತು ದಾಕ್ಷಿಣ್ಯದ ಮಕ್ಕಳು

ಉತ್ತರ ಥಾಯ್ಲೆಂಡಿನ ಚಿಯಾಂಗ್ ರಾಯ್ ಕಡೆಯ ಹಳ್ಳಿಶಾಲೆಯೊಂದಕ್ಕೆ ಮೂರು ವಾರ ಸಂಬಳವಿಲ್ಲದೆ ಇಂಗ್ಲಿಷ್ ಕಲಿಸಲು ಬಂದಿಳಿದ ಬಿಳಿಯ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಿ. ಸೇವೆ ಮಾಡುವ ಉತ್ಸಾಹ ಬೆಟ್ಟದಷ್ಟು. ಥಾಯ್ ಭಾಷೆ ಮಾತ್ರ ಎಂಟು ಹತ್ತು ಪದ. ಮಧ್ಯಾಹ್ನದ ಬಿಡುವಿನಲ್ಲಿ ಮರದಡಿ ಕೂತು ಸೀಬೆಹಣ್ಣು ಕಚ್ಚಿದನೋ ಇಲ್ಲವೋ, ಸುತ್ತ ನೆರೆದ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗತೊಡಗುತ್ತಾರೆ. ‘ಫರಂಗ್ ಕಿನ್ ಫರಂಗ್!’

ಥಾಯ್ ಭಾಷೆಯಲ್ಲಿ ಬಿಳಿಯನೂ ಫರಂಗ್, ಸೀಬೆಹಣ್ಣೂ ಫರಂಗ್. ಫರಂಗ್ ಫರಂಗನ್ನು ತಿನ್ನುತ್ತಿದ್ದಾನೆ ಎನ್ನುವುದು ಆ ದೇಶದ ಹಳೇ ಜೋಕು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲೂ ಬಿಳಿಯ ಪರಂಗಿಯವನೇ. ಹಣ್ಣು ಮಾತ್ರ ಸೀಬೆಯ ಬದಲು ಪಪ್ಪಾಯಿ.

ತರಗತಿಯೊಳಗೆ ಹೋದರೆ ಇನ್ನೊಂದು ಫಜೀತಿ. ಹೆಸರು ಕೇಳಿದರೆ ಒಬ್ಬ ‘ಮೂ’, ಪಕ್ಕದವಳು ‘ಕೈ’, ಹಿಂದಿನ ಸಾಲಿನವನು ‘ಕೋಪ್’. ನಿಘಂಟು ತೆಗೆದು ನೋಡಿದರೆ ಹಂದಿ, ಕೋಳಿ, ಕಪ್ಪೆ! ಯಾರೋ ತುಂಟರು ಪಾಪದ ಮಕ್ಕಳನ್ನು ಹೀಗೆ ಗೇಲಿ ಮಾಡುತ್ತಿದ್ದಾರೆಂದು ತರುಣ ಇಡೀ ತರಗತಿಯನ್ನು ಗದರುತ್ತಾನೆ. ಮಕ್ಕಳು ಕಕ್ಕಾಬಿಕ್ಕಿ. ಅವು ಅಪ್ಪ ಅಮ್ಮನೇ ಮುದ್ದಿನಿಂದ ಇಟ್ಟ ಹೆಸರುಗಳು. ಪಾಳಿ, ಸಂಸ್ಕೃತ ಮೂಲದ ಉದ್ದನೆಯ ಹೆಸರೊಂದು ಶಾಲೆಯ ದಾಖಲೆಯಲ್ಲಿರುತ್ತದೆ, ನಿಜ. ಆದರೆ ಮನೆಯಲ್ಲಿ, ಬೀದಿಯಲ್ಲಿ ಕೂಗುವುದೆಲ್ಲ ಈ ಚುಟುಕು ಹೆಸರಿನಿಂದಲೇ. ಚಂದದ ಮಗುವನ್ನು ದೆವ್ವ ಹೊತ್ತೊಯ್ಯಬಾರದೆಂದು ಹಿಂದಿನವರು ಕಂಡುಕೊಂಡ ಉಪಾಯವಂತೆ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ತಿಪ್ಪ, ಗುಂಡ ಎಂದು ಹೆಸರಿಟ್ಟ ಕನ್ನಡದ ಅಜ್ಜಿಯರಿದ್ದಿದ್ದರೆ ತರುಣನಿಗೆ ಒಂದೇ ಮಾತಿನಲ್ಲಿ ತಿಳಿಹೇಳುತ್ತಿದ್ದರು.

ಚಿತ್ರ ಬರೆದು ತಂದ ಹುಡುಗಿಗೆ ‘ಸುಂದರವಾಗಿದೆ’ ಎನ್ನಲು ಹೋಗುತ್ತಾನೆ. ‘ಸುವಾಯ್’ ಎಂಬುದನ್ನು ಸ್ವರ ಏರಿಸಿ ಹೇಳಬೇಕು. ಏರಿಸದೆ ಸಪಾಟಾಗಿ ಎಳೆದರೆ ‘ದುರದೃಷ್ಟ’ ಎಂದಾಗುತ್ತದೆ. ಐದು ಸ್ವರಗಳ ಭಾಷೆ ನೋಡಿ, ತಪ್ಪಲು ನಾಲ್ಕು ದಾರಿ! ಇನ್ನು ಸರಿಯುತ್ತರ ಹೇಳಿದ ಹುಡುಗನ ತಲೆ ಸವರಿದರೆ ತರಗತಿಯೇ ತಣ್ಣಗಾಗುತ್ತದೆ. ಥಾಯ್ ಜನಕ್ಕೆ ತಲೆ ದೇಹದ ಅತಿ ಪವಿತ್ರ ಭಾಗ. ಗುರುತು ಪರಿಚಯವಿಲ್ಲದವರು ಮುಟ್ಟುವಂಥದ್ದಲ್ಲ. ಇಲ್ಲಿ ಮಾತ್ರ ಕನ್ನಡಿಗರು ನಗುವಂತಿಲ್ಲ. ತಲೆಯ ಮೇಲೆ ಕೈಯಿಟ್ಟು ಹರಸುವ ಅಭ್ಯಾಸದವರು ಅವನಿಗಿಂತ ಮೊದಲೇ ಸಿಕ್ಕಿಬಿದ್ದಾರು.

ಇವೆಲ್ಲ ನಕ್ಕು ಮರೆಯುವಂಥವು. ಮರೆಯಲಾಗದ್ದು ಇನ್ನೊಂದಿದೆ. ‘ಅರ್ಥವಾಯಿತೇ?’ ಎಂದು ಕೇಳಿದರೆ ಮೂವತ್ತು ತಲೆಗಳೂ ಹೌದೆನ್ನುತ್ತವೆ. ಮೂವತ್ತು ಮುಖಗಳಲ್ಲೂ ನಗು. ಥಾಯ್‌ನಲ್ಲಿ ‘ಕ್ರೆಂಗ್ ಜೈ’ ಎಂಬ ಮಾತಿದೆ. ಎದುರಿನವರಿಗೆ, ಅದರಲ್ಲೂ ಹಿರಿಯರಿಗೆ, ಮುಜುಗರವಾಗದಂತೆ ನಡೆದುಕೊಳ್ಳುವ ಸಂಕೋಚ. ಇಂಗ್ಲಿಷಿನವರು ಅದಕ್ಕೆ ಒಂದೇ ಪದ ಸಿಗದೆ ಒದ್ದಾಡುತ್ತಾರೆ. ಕನ್ನಡದಲ್ಲಿ ‘ದಾಕ್ಷಿಣ್ಯ’ ಎಂದರೆ ಹೆಚ್ಚು ಕಡಿಮೆ ಮುಗಿಯಿತು. ಅರ್ಥವಾಗಲಿಲ್ಲ ಎಂದರೆ ಮೇಷ್ಟ್ರಿಗೆ ಕಲಿಸಲು ಬರುವುದಿಲ್ಲ ಎಂದ ಹಾಗಲ್ಲವೇ? ಹಾಗಾಗಿ ಮಕ್ಕಳು ಹೇಳುವುದಿಲ್ಲ.

ಅದಕ್ಕಿಂತ ಹೆಚ್ಚಾಗಿ, ‘ಇದು ನಮಗೆ ಗೊತ್ತು’ ಎಂದೂ ಹೇಳುವುದಿಲ್ಲ. ತರುಣ ಎರಡು ವಾರ ಬಣ್ಣಗಳ ಹಾಡು ಕಲಿಸುತ್ತಾನೆ. ರೆಡ್, ಬ್ಲೂ, ಗ್ರೀನ್. ಮಕ್ಕಳು ಎಷ್ಟು ಬೇಗ ಕಲಿತರೆಂದು ಊರಿಗೆ ಪತ್ರವನ್ನೂ ಬರೆಯುತ್ತಾನೆ. ಕೊನೆಯ ದಿನ ಸೀಮೆಸುಣ್ಣ ಹುಡುಕುತ್ತಾ ಬೀರು ತೆರೆದರೆ ಸುರುಳಿ ಸುತ್ತಿಟ್ಟ ಪಟಗಳು. ಬಿಡಿಸಿ ನೋಡುತ್ತಾನೆ. ರೆಡ್, ಬ್ಲೂ, ಗ್ರೀನ್. ಒಂದಲ್ಲ, ಏಳು. ಏಳು ಬೇರೆ ಬೇರೆ ಕೈಬರಹ. ಹಿಂದೆ ಬಂದುಹೋದ ಏಳು ಮಂದಿಯದು.

ಮೂರು ವಾರ ಎಂದರೆ ಕಪ್ಪೆ ಯಾರು, ಕೋಳಿ ಯಾರು ಎಂದು ತಿಳಿಯುವಷ್ಟು ಹೊತ್ತು, ಅಷ್ಟೇ. ಪಾಠ ಶುರುವಾಗಬೇಕಾದದ್ದೇ ಆಮೇಲೆ. ಅಷ್ಟರಲ್ಲಿ ವಾಪಸ್ ಟಿಕೆಟ್ಟಿನ ದಿನ ಬಂದಿರುತ್ತದೆ. ಮಕ್ಕಳು ‘ಖ್ರು, ಮತ್ತೆ ಯಾವಾಗ ಬರುತ್ತೀರಿ?’ ಎಂದು ಕೇಳುತ್ತಾರೆ. ಖ್ರು ಎಂದರೆ ಬೇರೆ ಯಾರೂ ಅಲ್ಲ, ‘ಗುರು’ವೇ. ಬೇಗ, ಎನ್ನುತ್ತಾನೆ ತರುಣ. ಮಕ್ಕಳು ಅದಕ್ಕೂ ನಗುತ್ತಾ ತಲೆಯಾಡಿಸುತ್ತಾರೆ.

ಸೋಮವಾರ ಹೊಸಬಳೊಬ್ಬಳು ಬಂದು ಕಪ್ಪುಹಲಗೆಯ ಮೇಲೆ ‘ರೆಡ್’ ಎಂದು ಬರೆಯುತ್ತಾಳೆ. ಮೂವತ್ತು ಮಂದಿ ಮೊದಲ ಸಲ ಕೇಳಿದವರಂತೆ ಕಣ್ಣರಳಿಸಿ, ಅಕ್ಷರ ಅಕ್ಷರವಾಗಿ ಓದುತ್ತಾರೆ. ಹಿಂದಿನ ಬೆಂಚಿನ ಕೋಪ್ ಮಾತ್ರ ಅವಳಿಗೆಂದು ಚೀಲದೊಳಗಿಂದ ಸೀಬೆಹಣ್ಣು ಹುಡುಕುತ್ತಿದ್ದಾನೆ.