ಏರು ಕಂಡರೆ ಅಳುಕುವ ಗಾಡಿ

ನನ್ನ ಅಣ್ಣನ ಮಗನ ಹಳೆಯ ಡೀಸೆಲ್ ಪಿಕಪ್ ಗಾಡಿಯು ಕಳೆದ ದ್ರಾಕ್ಷಿ ಹಂಗಾಮಿನಲ್ಲಿ ಒಮ್ಮೆಲೇ ಶಕ್ತಿಗುಂದಿತು. ಜತ್ತ ತಾಲೂಕಿನ ನಮ್ಮೂರಿನಿಂದ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಹೇರಿಕೊಂಡು ಸಾಂಗಲಿಯ ಪೇಟೆಗೆ ಹೊರಟರೆ, ದಂಡೋಬಾ ಗುಡ್ಡದ ಮಗ್ಗುಲಿನ ಏರಿನಲ್ಲಿ ಎರಡನೆಯ ಗೇರಿಗೆ ಇಳಿಯಬೇಕು. ಹಿಂದೆ ಕಪ್ಪು ಹೊಗೆ. ಮೇಸ್ತ್ರಿಯೊಬ್ಬನು ಬಾನೆಟ್ ಎತ್ತಿದ ಕ್ಷಣವೇ ‘ಟರ್ಬೋ ಹೋಗಿದೆ, ಹೊಸದೇ ಆಗಬೇಕು’ ಎಂದುಬಿಟ್ಟನು. ಅವನು ಹೇಳಿದ ಮೊತ್ತವು ಹುಡುಗನ ತಂಗಿಯ ಲಗ್ನಕ್ಕೆಂದು ಪತಸಂಸ್ಥೆಯಲ್ಲಿಟ್ಟ ಠೇವಣಿಯಷ್ಟೇ ಇತ್ತು.

ಠೇವಣಿ ಮುರಿಸುವ ಮುನ್ನ ಇನ್ನೊಬ್ಬರಿಗೆ ತೋರಿಸೋಣವೆಂದು ಕುಪವಾಡ ಎಂಐಡಿಸಿಗೆ ಹೋದೆವು. ಅಲ್ಲಿ ಲೇಥ್ ಯಂತ್ರಗಳ ಸದ್ದಿನ ನಡುವೆ, ತಗಡಿನ ಶೆಡ್ಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿದೆ.

ಟರ್ಬೋ ಎಂಬುದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರರು 1905ರಲ್ಲಿ ಪೇಟೆಂಟ್ ಪಡೆದ ಕಲ್ಪನೆ. ಹೊರಬೀಳುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಮತ್ತೊಂದು ಚಕ್ರವು ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಡೀಸೆಲ್ ಸಂಪೂರ್ಣವಾಗಿ ಉರಿಯಬಲ್ಲುದು. ಗಾಳಿ ಸಾಲದಾದರೆ ಅರೆಬೆಂದ ಇಂಧನವೇ ಕಪ್ಪು ಹೊಗೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲ ಆ ದಂಡಕ್ಕೆ ಎಣ್ಣೆಯ ತೆಳುಪದರವೇ ಆಸರೆ. ಆದ್ದರಿಂದ ಏರು ಹತ್ತಿಸಿದ ಗಾಡಿಯನ್ನು ನಿಲ್ಲಿಸಿದೊಡನೆ ಆರಿಸದೆ, ಒಂದೆರಡು ನಿಮಿಷ ಸುಮ್ಮನೆ ಚಾಲೂ ಇಡತಕ್ಕದ್ದು.

ಹುಡುಗನು ಪಾನೆಯನ್ನು ಮುಟ್ಟಲಿಲ್ಲ. ಮೊದಲು ಪ್ರಶ್ನೆ ಕೇಳಿದನು. ಶಕ್ತಿ ಕ್ರಮೇಣ ಇಳಿಯಿತೋ, ಒಂದೇ ದಿನದಲ್ಲೋ? ಕ್ರಮೇಣವಾದರೆ ಧೂಳು ಕಟ್ಟಿದ ಫಿಲ್ಟರಿನ ಮೇಲೆ ಅನುಮಾನ. ಒಮ್ಮೆಲೇ ಆದರೆ ಬಿರಿದ ಅಥವಾ ಕಳಚಿದ ನಳಿಕೆಯ ಮೇಲೆ. ಬಳಿಕ ಗಾಳಿಯ ಫಿಲ್ಟರ್ ತೆಗೆದು ನೋಡಿದನು, ಶುದ್ಧವಿತ್ತು. ಇಂಟರ್‌ಕೂಲರಿನ ದಪ್ಪ ನಳಿಕೆಗಳನ್ನು ಹಿಚುಕಿ, ಎಣ್ಣೆ ಜಿನುಗಿ ಧೂಳು ಅಂಟಿದೆಯೇ ಎಂದು ತಡವಿದನು. ಎಂಜಿನ್ ಆರಿಸಿ, ತಣಿಸಿ, ಟರ್ಬೋದ ಬಾಯಿ ಬಿಚ್ಚಿ ದಂಡವನ್ನು ಅಲುಗಾಡಿಸಿದನು. (ಎಂಜಿನ್ ಚಾಲೂ ಇದ್ದಾಗ ಅಲ್ಲಿ ಬೆರಳಿಟ್ಟರೆ ಬೆರಳು ಹೋದಂತೆಯೇ.) ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟವಿರಬಹುದು, ಹಿಂದೆ ಮುಂದೆ ಜಗ್ಗಬಾರದು, ರೆಕ್ಕೆಗಳು ಗೋಡೆಗೆ ಉಜ್ಜಬಾರದು. ಎಲ್ಲವೂ ಸರಿಯಿತ್ತು.

“ಸರ, ಟರ್ಬೋ ಸತ್ತಿಲ್ಲರಿ. ಅದಕ್ಕ ಅಪ್ಪಣೆ ಮುಟ್ಟವಲ್ದು” ಎಂದನು.

ಈ ಮಾದರಿಯಲ್ಲಿ ಟರ್ಬೋವನ್ನು ಹತೋಟಿಯಲ್ಲಿಡುವ ಸಣ್ಣ ಕಡ್ಡಿಯನ್ನು ನಿರ್ವಾತದ ಸೆಳೆತವು ಎಳೆಯುತ್ತದೆ. ಕೈಪಂಪಿನಿಂದ ಸೆಳೆದಾಗ ಕಡ್ಡಿ ಸರಿದು ಅಲ್ಲಿಯೇ ನಿಂತಿತು. ಅಂದರೆ ಒಳಗಿನ ಪೊರೆ ಹರಿದಿಲ್ಲ. ಎಂಜಿನ್ ಚಾಲೂ ಮಾಡಿ ಬೆರಳಿನಷ್ಟು ತೆಳುವಾದ ರಬ್ಬರ್ ನಳಿಕೆಯ ತುದಿ ಹಿಡಿದರೆ ಸೆಳೆತವೇ ಇಲ್ಲ. ಬಿಸಿಗೆ ಒಣಗಿದ ಆ ನಳಿಕೆಯು ಕ್ಲಿಪ್ಪಿನ ಕೆಳಗೆ, ಕಣ್ಣಿಗೆ ಬೀಳದಂತೆ ಬಿರಿದಿತ್ತು. ಗೇಣುದ್ದದ ಹೊಸ ನಳಿಕೆ ಹಾಕಿದನು. ಅದರ ಬೆಲೆ ಅಲ್ಲಿ ಕುಡಿದ ಚಹಾಗಳ ಬೆಲೆಗಿಂತ ಬಹಳ ಹೆಚ್ಚಿರಲಿಲ್ಲ.

ನನಗೆ ಮಾತ್ರ ಚಹಾ ರುಚಿಸಲಿಲ್ಲ. ಈತನ ಆರನೆಯ ಇಯತ್ತೆಯ ಪ್ರಗತಿಪತ್ರಕದಲ್ಲಿ ‘ಗಣಿತದಲ್ಲಿ ಮಂದ’ ಎಂದು ಬರೆದ ಕೈ ನನ್ನದೇ. ಶಿಕ್ಷಕರ ತರಬೇತಿಯಲ್ಲಿ ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎಂದು ಪುಟಗಟ್ಟಲೆ ಓದಿ ಪಾಸಾದವನು ನಾನು. ಅವನ ಲೆಕ್ಕ ಎಲ್ಲಿ ತಪ್ಪುತ್ತಿದೆಯೆಂದು ಒಂದು ದಿನವೂ ನೋಡಿರಲಿಲ್ಲ. ಬಾನೆಟ್ ಎತ್ತಿದೊಡನೆ ತೀರ್ಪು ಕೊಟ್ಟ ಮೇಸ್ತ್ರಿಯನ್ನು ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದೆ. ಮರಳುವಾಗ ಬೈಯಲಿಲ್ಲ.

ಗಾಡಿಯು ದಂಡೋಬಾದ ಏರನ್ನು ನಾಲ್ಕನೆಯ ಗೇರಿನಲ್ಲಿ ಹತ್ತಿತು. ಠೇವಣಿ ಪತಸಂಸ್ಥೆಯಲ್ಲಿಯೇ ಇದೆ, ಲಗ್ನ ವೈಶಾಖದಲ್ಲಿ.