ಕೆಲಸ ಹೋದರೂ ಗುರುತು ಉಳಿಯಲಿ

ಪ್ರಜೆಯಲ್ಲದವನಿಗೂ ದೇಶ ಗುರುತಿನ ಸಂಖ್ಯೆ ಕೊಡಬೇಕೆ? ಒಮಾನ್ ಕೊಟ್ಟಾಗಿದೆ. ಇಬ್ರಾದ ಬುಧವಾರದ ಹೆಂಗಸರ ಸಂತೆಯಲ್ಲಿ ಬಟ್ಟೆ, ಅತ್ತರು ಮಾರುವ ಒಮಾನಿ ಮಹಿಳೆಗೂ ಅದೇ ಊರಲ್ಲಿ ದುಡಿಯಲು ಬಂದ ಪರದೇಶಿ ದರ್ಜಿಗೂ ರಾಯಲ್ ಒಮಾನ್ ಪೊಲೀಸರ ದಾಖಲೆಯಲ್ಲಿ ಒಂದೊಂದು ಸಿವಿಲ್ ಸಂಖ್ಯೆ ಇದೆ. ಹೀಗಾಗಿಯೇ 2020ರ ಜನಗಣತಿಯನ್ನು ಮನೆಮನೆಗೆ ಹೋಗದೆ, ಸರ್ಕಾರಿ ದಾಖಲೆಗಳಿಂದಲೇ ಮಾಡಲಾಯಿತು. ಸುಮಾರು 44.7 ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಇಬ್ಬರು ವಿದೇಶಿಯರು. ಇಷ್ಟು ಜನರನ್ನು ಲೆಕ್ಕದಿಂದ ಹೊರಗಿಟ್ಟು ಆಸ್ಪತ್ರೆ, ನೀರು, ರಸ್ತೆಗಳ ಯೋಜನೆ ಹಾಕುವುದು ಸಾಧ್ಯವೇ ಇಲ್ಲ. ದಾಖಲೆಯಿಲ್ಲದ ಕೂಲಿಯ ಸಂಬಳ ನುಂಗುವುದು ಮಾಲೀಕನಿಗೆ ಸುಲಭವೂ ಹೌದು. ಆದ್ದರಿಂದ ಸಂಖ್ಯೆ ಎಲ್ಲರಿಗೂ ಬೇಕು.

ನನ್ನ ತಕರಾರು ಬೇರೆಯದು. ಈ ಸಂಖ್ಯೆ ಹೊತ್ತ ಪರದೇಶಿಯ ರೆಸಿಡೆಂಟ್ ಕಾರ್ಡ್‌ಗೆ ಆಧಾರ ವೀಸಾ, ವೀಸಾಕ್ಕೆ ಆಧಾರ ಮಾಲೀಕ. ಮಾಲೀಕ ನವೀಕರಣದ ಶುಲ್ಕ ಕಟ್ಟದೆ ಸುಮ್ಮನಿದ್ದರೆ, ಎಕ್ಸ್‌ಚೇಂಜ್ ಕೌಂಟರಿನ ಹುಡುಗ ಕಾರ್ಡಿನ ಮೇಲಿನ ತಾರೀಖು ನೋಡಿ ಹಿಂದಕ್ಕೆ ಸರಿಸುತ್ತಾನೆ. ಬೆವರು ಸುರಿಸಿ ದುಡಿದ ರಿಯಾಲ್ ಕೈಯಲ್ಲೇ ಇರುತ್ತದೆ, ಊರಿಗೆ ಹೋಗುವುದಿಲ್ಲ. ತಪ್ಪು ಒಬ್ಬನದು, ಶಿಕ್ಷೆ ಇನ್ನೊಬ್ಬನಿಗೆ.

ನಮ್ಮಲ್ಲೂ ಈ ಗಂಟು ಪೂರ್ತಿ ಬಿಚ್ಚಿಲ್ಲ. 2016ರ ಆಧಾರ್ ಕಾಯ್ದೆ ಸಂಖ್ಯೆಯನ್ನು ಪೌರತ್ವಕ್ಕೆ ಕಟ್ಟಲಿಲ್ಲ, ವಾಸಕ್ಕೆ ಕಟ್ಟಿತು: ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿದ್ದರೆ ಸಾಕು. ಒಳ್ಳೆಯ ಯೋಚನೆ. ಆದರೆ ಅದೇ ನಿಯಮದಿಂದ ಗಲ್ಫ್‌ನಲ್ಲಿದ್ದ ನಮ್ಮವರೇ ಹೊರಗುಳಿದರು. ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಆ ಕಾಯುವಿಕೆ ತಪ್ಪಿದ್ದು 2019ರಲ್ಲಿ. ಸಂಖ್ಯೆಗೂ ಮಿತಿ ಬೇಕೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಮೊಕದ್ದಮೆಯಲ್ಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕಾಯಿತು, 2018ರಲ್ಲಿ ಖಾಸಗಿ ಕಂಪನಿಗಳು ಆಧಾರ್ ಕೇಳುವುದಕ್ಕೆ ತಡೆ ಬಿತ್ತು. ಆ ಹೋರಾಟ ನನಗೆ ದೊಡ್ಡದಾಗಿ ಕಾಣುತ್ತದೆ.

ಅವಧಿ ಮೀರಿ ಉಳಿದವರನ್ನು ಸರ್ಕಾರ ಪತ್ತೆ ಹಚ್ಚಬೇಡವೇ ಎಂದು ಕೇಳಬಹುದು. ಹಚ್ಚಲಿ. ಆದರೆ ಕೆಲಸದ ಪರವಾನಗಿ ಬೇರೆ, ಮನುಷ್ಯನ ಗುರುತು ಬೇರೆ. 2020ರ ನವೆಂಬರ್‌ನಲ್ಲಿ ಒಮಾನ್ ದಂಡ ಮನ್ನಾ ಮಾಡಿ, ಪರವಾನಗಿ ಮುಗಿದವರಿಗೆ ಊರಿಗೆ ಮರಳಲು ಅವಕಾಶ ಕೊಟ್ಟಿತು. ಅವರಲ್ಲಿ ಕಾರ್ಡ್ ಪಡೆದು ಬಾಳಿದವರ ಹೆಸರು, ಬೆರಳಚ್ಚು ಸರ್ಕಾರದ ಬಳಿ ಮೊದಲೇ ಇದ್ದವು. 2021ರ ಜನವರಿಯಿಂದ, ಒಪ್ಪಂದ ಮುಗಿಸಿದವನು ಹಳೆಯ ಮಾಲೀಕನ ಎನ್ಒಸಿ ಇಲ್ಲದೆ ಬೇರೆ ಕೆಲಸಕ್ಕೆ ಸೇರಬಹುದು. ಅಲ್ಲಿಗೆ ಬಂದ ಸರ್ಕಾರ ಇನ್ನೊಂದು ಹೆಜ್ಜೆ ಇಡಲಿ: ಚಿಕಿತ್ಸೆಗೆ, ಸಂಬಳದ ದೂರಿಗೆ, ಮನೆಗೆ ಹಣ ಕಳಿಸುವುದಕ್ಕೆ ಸಿವಿಲ್ ಸಂಖ್ಯೆಯೊಂದೇ ಸಾಕು ಎನ್ನಲಿ, ಕಾರ್ಡಿನ ತಾರೀಖು ಏನೇ ಇರಲಿ.